ಹತ್ತೊಂಬತ್ತು ದಿನ ದೊಡ್ಡವಳು

ನಾನು ಡೊಂಬಿವಲಿಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಹೋದ ಚಳಿಗಾಲದಲ್ಲಿ ನಮ್ಮ ಹುಡುಗಿಯರನ್ನು ಕರೆದುಕೊಂಡು ಹ್ಯಾಂಡ್‌ಬಾಲ್ ಪಂದ್ಯಕ್ಕೆಂದು ನವಿ ಮುಂಬಯಿಗೆ ಹೋಗಿದ್ದೆ. ಅಲ್ಲಿಯ ಒಳಾಂಗಣ ಕ್ರೀಡಾಂಗಣದ ಮೆಟ್ಟಿಲು ಹತ್ತದೆ ಹನ್ನೆರಡು ವರ್ಷವಾಗಿತ್ತು. ಪ್ರತಿ ಸಲ ಏನಾದರೊಂದು ನೆಪ ಹೇಳಿ ಬೇರೆ ಟೀಚರನ್ನು ಕಳಿಸುತ್ತಿದ್ದೆ. ಈ ಸಲ ಅವರು ಹೆರಿಗೆ ರಜೆಯಲ್ಲಿದ್ದರು. ಒಳಗೆ ಹೋಗುವವರೆಗೆ ಏನೂ ಆಗಲಿಲ್ಲ. ಎದುರು ತಂಡದ ಹುಡುಗಿಯೊಬ್ಬಳು ಬೆಂಚಿನ ಮೇಲೆ ಕೂತು ಚಪ್ಪಟೆ ಡಬ್ಬಿಯೊಂದರ ಮುಚ್ಚಳ ತೆಗೆದಳು. ಅದರಲ್ಲಿರುವುದು ಜೇನಿನ ಬಣ್ಣದ ರಾಳ. ಚೆಂಡು ಕೈಗೆ ಅಂಟಿ ನಿಲ್ಲಲಿ ಎಂದು ಬೆರಳಿಗೆ ಹಚ್ಚಿಕೊಳ್ಳುತ್ತಾರೆ. ಅದರ ವಾಸನೆ, ದೇವರ ಮುಂದಿನ ಧೂಪಕ್ಕೆ ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ ಬೆರೆತ ಹಾಗಿರುತ್ತದೆ. ಅದು ಮೂಗಿಗೆ ಬಡಿದದ್ದೇ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಮ್ಯಾಡಮ್, ಕಾಯ್ ಝಾಲಂ?" ಎಂದು ನಮ್ಮ ಗೋಲ್‌ಕೀಪರ್ ಹುಡುಗಿ ಓಡಿ ಬಂದು ಕೇಳಿದಳು. ಏನೂ ಆಗಿಲ್ಲ, ನೀನು ಆಡು ಹೋಗು ಎಂದೆ. ನನ್ನ ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೇನೆ ಎಂಬುದು ನನಗೆ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

ಮುಂಬಯಿಯನ್ನು ಮುಳುಗಿಸಿದ ಆ ಜುಲೈ ಮಹಾಮಳೆಯ ಮರುವರ್ಷ ನಾನು ಜೂನಿಯರ್ ಕಾಲೇಜಿನ ಕೊನೆಯ ವರ್ಷ, ಹನ್ನೆರಡನೆಯ ಕ್ಲಾಸಿನಲ್ಲಿದ್ದೆ. ನಮ್ಮ ಮನೆ ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿ, ಕೆಳಗಿನ ಸಾಲಿನ ಮೂರನೆಯ ಖೋಲಿ, ಒಂದೇ ಕೋಣೆ. ಮಹಾಮಳೆಯ ನೀರು ನಿಂತ ಗುರುತು ಗೋಡೆಯ ಮೇಲೆ ನನ್ನ ಎದೆಯಷ್ಟು ಎತ್ತರಕ್ಕೆ ಕಂದುಗಟ್ಟಿ ಉಳಿದಿತ್ತು. ಅಪ್ಪಯ್ಯ ಠಾಣೆಯ ಕೋಪರಿಯಲ್ಲಿ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಬಂದು, ತಟ್ಟೆ ಲೋಟ ತೊಳೆಯುವುದರಿಂದ ಶುರುಮಾಡಿ ಕೌಂಟರಿನವರೆಗೆ ಬಂದವರು. ಓದಿದ್ದು ಐದನೆಯ ಕ್ಲಾಸು, ಆದರೆ ಅಕ್ಷರ ಮುತ್ತಿನ ಹಾಗೆ. ಹೋಟೆಲಿನ ಬೋರ್ಡಿನ ಮೇಲೆ ದಿನದ ತಿಂಡಿಗಳ ಹೆಸರನ್ನು ಅವರೇ ಬರೆಯುತ್ತಿದ್ದರು. ಅಮ್ಮ ಮನೆಯಲ್ಲೇ ಕೂತು ಉಲ್ಹಾಸನಗರದ ಜೀನ್ಸ್ ಕಾರ್ಖಾನೆಗಳಿಂದ ಬರುವ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಅವಳ ಸೀರೆಯ ಮೇಲೆ ಯಾವಾಗಲೂ ನೀಲಿ ದಾರದ ತುಣುಕುಗಳಿರುತ್ತಿದ್ದವು. ನಾನು ಒಬ್ಬಳೇ ಮಗಳು.

ಕಲ್ಯಾಣದ ಒಂದು ಮಣ್ಣಿನ ಮೈದಾನದಲ್ಲಿ ಸಾಳವಿ ಸರ್ ನಮಗೆ ಹ್ಯಾಂಡ್‌ಬಾಲ್ ಕಲಿಸುತ್ತಿದ್ದರು. ಹಗಲು ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ, ಬೆಳಿಗ್ಗೆ ಸಂಜೆ ನಾವು. ನೀರಿನ ಪೈಪುಗಳನ್ನು ಬೆಸುಗೆ ಹಾಕಿಸಿ ಗೋಲಿನ ಕಂಬಗಳನ್ನು ಅವರೇ ಮಾಡಿಸಿದ್ದರು. ನಾನು ಗೋಲ್‌ಕೀಪರ್. ಶಾಲೆಯಲ್ಲಿ ಮೊದಲನೆಯ ಕ್ಲಾಸಿನಿಂದಲೂ ನಾನು ಎಲ್ಲರಿಗಿಂತ ಎತ್ತರ. ಗ್ರೂಪ್ ಫೋಟೋಗಳಲ್ಲೆಲ್ಲ ಹಿಂದಿನ ಸಾಲಿನ ನಡುವೆ ನಿಂತಿದ್ದೇನೆ. ಕೈಗವಸು ಹಾಕಿಕೊಳ್ಳದೆ, ಎರಡೂ ಕೈ ಎರಡೂ ಕಾಲು ಅಗಲಿಸಿ, ಆರು ಮೀಟರಿನಿಂದ ಬರುವ ಚೆಂಡಿಗೆ ಮೈಯೊಡ್ಡಿ ನಿಲ್ಲುವುದು ನನಗೆ ಹೆದರಿಕೆ ತರಲಿಲ್ಲ. ನನ್ನ ಜೊತೆಯ ಇನ್ನೊಬ್ಬ ಗೋಲ್‌ಕೀಪರ್ ಡೊಂಬಿವಲಿಯ ವೈಶಾಲಿ. ಅವಳು ನನಗಿಂತ ಗಿಡ್ಡ, ನನಗಿಂತ ಚುರುಕು. ಆದರೆ ಚೆಂಡು ಮುಖದ ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದಳು. ಸರ್ ಅದಕ್ಕೆ ಬೈದಷ್ಟೂ ಅವಳು ನಗುತ್ತಿದ್ದಳು.

ಆ ವರ್ಷ ಭಾರತದ ಕಿರಿಯ ಮಹಿಳೆಯರ ತಂಡ ಏಷ್ಯಾದ ಟೂರ್ನಿಯೊಂದಕ್ಕೆ ಹೋಗುವುದಿತ್ತು. ನಿಗದಿ ಮಾಡಿದ ವರ್ಷದ ಜನವರಿ ಒಂದರಂದೋ ಆಮೇಲೋ ಹುಟ್ಟಿದವರಿಗೆ ಮಾತ್ರ ಅವಕಾಶ. ಆಯ್ಕೆಯ ಶಿಬಿರ ಜೂನ್ ತಿಂಗಳಲ್ಲಿ ನವಿ ಮುಂಬಯಿಯಲ್ಲೇ ನಡೆಯಿತು. ವೈಶಾಲಿಗೂ ನನಗೂ ಕರೆ ಬಂತು. ಹರಿಯಾಣ, ಪಂಜಾಬ್, ಛತ್ತೀಸ್‌ಗಢದ ಹುಡುಗಿಯರು ಬಂದಿದ್ದರು. ಮರದ ನೆಲವನ್ನು ನಾವಿಬ್ಬರೂ ಕಂಡದ್ದು ಅದೇ ಮೊದಲು; ಮೊದಲ ದಿನ ಬೂಟು ಕಳಚಿ ಬರಿಗಾಲಲ್ಲಿ ಅದರ ಮೇಲೆ ನಡೆದಾಡಿದೆವು. ರಾಳದ ಡಬ್ಬಿ ಕಂಡದ್ದೂ ಅಲ್ಲೇ. ನಮ್ಮ ಮಣ್ಣಿನ ಮೈದಾನದಲ್ಲಿ ಚೆಂಡಿಗೆ ಅಂಟು ಹಚ್ಚಿದರೆ ಅರ್ಧ ಮೈದಾನ ಚೆಂಡಿನ ಜೊತೆ ಎದ್ದು ಬಂದೀತು. ಇಲ್ಲಿ ಹುಡುಗಿಯರು ಒಂದೇ ಕೈಯಲ್ಲಿ ಚೆಂಡನ್ನು ಮೇಲಿನಿಂದ ಹಿಡಿದು, ಗಾಳಿಯಲ್ಲಿ ಕೈ ತಿರುಗಿಸಿ, ನಾನು ಎಣಿಸಿರದ ಮೂಲೆಗೆ ಎಸೆಯುತ್ತಿದ್ದರು. ಮೊದಲ ಎರಡು ದಿನ ನನ್ನ ತೊಡೆಗಳ ಮೇಲೆಲ್ಲ ಕಪ್ಪು ಕಲೆ. ಆಮೇಲೆ ಕಣ್ಣು ಪಳಗಿತು. ಮೂರನೆಯ ವಾರದ ಕೊನೆಗೆ ಗೋಡೆಗೆ ಹೆಸರಿನ ಪಟ್ಟಿ ಅಂಟಿಸಿದರು. ಇಬ್ಬರು ಗೋಲ್‌ಕೀಪರುಗಳಲ್ಲಿ ಮೊದಲ ಹೆಸರು ನನ್ನದು. ವೈಶಾಲಿಯದು ರಿಸರ್ವ್ ಆಟಗಾರ್ತಿಯರ ಪಟ್ಟಿಯಲ್ಲಿ.

ಅಪ್ಪಯ್ಯನಿಗೆ ಫೋನ್ ಮಾಡಿದೆ. ಆ ಕಡೆ ಪಾತ್ರೆಗಳ ಸದ್ದು, ಯಾರೋ ಆರ್ಡರ್ ಕೂಗುವುದು ಕೇಳುತ್ತಿತ್ತು. ಅವರು, "ಇಂಡಿಯಾದ್ದಾ ಮಗಾ? ಮಹಾರಾಷ್ಟ್ರದ್ದಲ್ದಾ?" ಎಂದು ಕೇಳಿದರು. ಇಂಡಿಯಾದ್ದೇ ಎಂದೆ. ಆ ದಿನ ಹೋಟೆಲಿನ ಬೋರ್ಡಿನಲ್ಲಿ ತಿಂಡಿಗಳ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದಿದ್ದರಂತೆ.

ನಾಲ್ಕು ದಿನ ಕಳೆದ ಮೇಲೆ ಎಲ್ಲರ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. ವಯಸ್ಸಿನ ಪರೀಕ್ಷೆ. ಮಣಿಕಟ್ಟಿನ ಎಲುಬಿನ ತುದಿ ಕೂಡಿಕೊಂಡಿದೆಯೋ ಇಲ್ಲವೋ ಎಂದು ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ನನಗೆ ಅದರ ಬಗ್ಗೆ ಯೋಚನೆಯೇ ಇರಲಿಲ್ಲ. ಸರ್ಟಿಫಿಕೇಟಿನ ಪ್ರಕಾರ ನನಗೆ ಹದಿನಾರು ದಾಟಿ ಕೆಲವು ತಿಂಗಳು. ಮರುದಿನ ಬೆಳಿಗ್ಗೆ ಶಿಬಿರದ ಡಾಕ್ಟರು ಸಾಳವಿ ಸರ್ ಅವರನ್ನೂ ನನ್ನನ್ನೂ ಕರೆಸಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. "ಪೂರ್ತಿ ಕೂಡಿಕೊಂಡಿದೆ. ಈ ಹುಡುಗಿಗೆ ಹದಿನೆಂಟು ಆಗಿ ಹೋಗಿದೆ."

ನನಗೆ ನಗು ಬಂತು, ನಿಜವಾಗಿ. ಬೇರೆ ಯಾರದೋ ಹಾಳೆ ಬದಲಾಗಿರಬೇಕು ಎಂದುಕೊಂಡೆ. ಹೊರಗೆ ಬಂದ ಮೇಲೆ ಸರ್ ನನ್ನ ಮುಖವನ್ನೇ ನೋಡುತ್ತ ಕೇಳಿದರು. ಅವರು ಮಾತಾಡುತ್ತಿದ್ದದ್ದು ಮರಾಠಿ, ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿ ಕೂತಿದೆ.

"ಸವಿತಾ, ನನ್ನ ಹತ್ತಿರ ಸುಳ್ಳು ಹೇಳ್ಬೇಡ. ಸರ್ಟಿಫಿಕೇಟು ಅಸಲಿಯೋ?"

"ಅಸಲಿ ಸರ್. ಕಲ್ಯಾಣದ ಆಸ್ಪತ್ರೇಲಿ ಹುಟ್ಟಿದ್ದು ನಾನು. ಮನೇಲಿದೆ, ಲ್ಯಾಮಿನೇಶನ್ ಮಾಡಿಸಿ ಇಟ್ಟಿದ್ದಾರೆ."

"ಹಾಗಾದ್ರೆ ಹೆದರ್ಬೇಡ. ಹುಡುಗಿಯರ ಎಲುಬು ಒಂದೊಂದು ಸಲ ಬೇಗ ಬಲಿಯುತ್ತೆ, ಇದನ್ನ ನಾನು ಮೊದ್ಲೂ ನೋಡಿದ್ದೀನಿ. ನೀನು ನೋಂದಣಿ ಕಚೇರಿಗೆ ಹೋಗಿ ಮೂಲ ರಿಜಿಸ್ಟರಿನ ನಕಲು ತಗೊಂಡು ಬಾ. ನಾಡಿದ್ದರೊಳಗೆ ಕೊಟ್ರೆ ನಾನು ಜಗಳ ಆಡ್ತೀನಿ."

ಮರುದಿನವೇ ಹೋದೆ. ಹಿಂದಿನ ರಾತ್ರಿಯಿಂದ ಬಿಡದೆ ಸುರಿಯುತ್ತಿದ್ದ ಮಳೆ. ಅಮ್ಮನ ಹತ್ತಿರ ಸರ್ಟಿಫಿಕೇಟು ಕೇಳಿದಾಗ ಅವಳು ಯಾಕೆ ಏನು ಎಂದು ಕೇಳದೆ ಟ್ರಂಕಿನಿಂದ ತೆಗೆದುಕೊಟ್ಟಳು. "ಶಿಬಿರದಲ್ಲಿ ಬೇಕಂತೆ" ಎಂದಷ್ಟೇ ನಾನು ಹೇಳಿದ್ದೆ. ಕಲ್ಯಾಣದ ಜನನ ಮರಣ ನೋಂದಣಿ ಕಚೇರಿಯ ಕಿಟಕಿಯಲ್ಲಿ ನಡುವಯಸ್ಸು ದಾಟಿದ ಹೆಂಗಸೊಬ್ಬರು ಕೂತಿದ್ದರು. ಕೊರಳಿಗೆ ದಾರ ಕಟ್ಟಿದ ಕನ್ನಡಕ, ಕುರ್ಚಿಯ ಬೆನ್ನಿಗೆ ಒದ್ದೆ ಛತ್ರಿ. ನಾನು ಇಂಡಿಯಾ ತಂಡಕ್ಕೆ ಆಯ್ಕೆಯಾಗಿದ್ದೇನೆ, ಅದಕ್ಕೆ ನಕಲು ಬೇಕು ಎಂದಾಗ ಅವರಿಗೆ ಖುಷಿಯಾಗಿ, ನನ್ನನ್ನು ಒಳಗೇ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಹಳೆಯ ರಿಜಿಸ್ಟರುಗಳನ್ನು ಮಹಾಮಳೆಯ ನೀರಿನಿಂದ ಉಳಿಸಿದ್ದೇ ದೊಡ್ಡದು ಎಂದು ಮಾತಾಡುತ್ತ, ಉದ್ದದ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟು ಅಕ್ಟೋಬರ್ ತಿಂಗಳ ಹಾಳೆ ಹುಡುಕಿದರು. ನನ್ನ ಸರ್ಟಿಫಿಕೇಟಿನ ಕ್ರಮಸಂಖ್ಯೆಯ ಮೇಲೆ ಒಂದು ಬೆರಳು, ಪುಸ್ತಕದ ಸಾಲಿನ ಮೇಲೆ ಇನ್ನೊಂದು ಬೆರಳು. ತಂದೆಯ ಹೆಸರು ಸರಿ. ತಾಯಿಯ ಹೆಸರು ಸರಿ. ವಿಠ್ಠಲವಾಡಿ ಸರಿ. ಮಗುವಿನ ಹೆಸರಿನ ಜಾಗ ಖಾಲಿ. ಅವರ ಬೆರಳು ಸಾಲಿನ ಕೊನೆಗೆ, ಷರಾ ಬರೆಯುವ ಕಾಲಮ್ಮಿಗೆ ಬಂದು ನಿಂತಿತು. ಅಲ್ಲಿ ಕೆಂಪು ಶಾಯಿಯಲ್ಲಿ ಏನೋ ಬರೆದಿತ್ತು.

ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಓದಿದರು. ಆಮೇಲೆ ನನ್ನನ್ನು ನೋಡಿದರು.

"ತುಝಂ ನಾವ್ ಕಾಯ್ ಮ್ಹಣಾಲೀಸ್?" ನಿನ್ನ ಹೆಸರೇನು ಅಂದೆ?

"ಸವಿತಾ."

"ಹೀ ಮುಲ್ಗೀ ತರ್ ವಾರ್ಲೀ ಆಹೆ, ಬಾಳಾ."

ಈ ಹುಡುಗಿ ತೀರಿಕೊಂಡಿದ್ದಾಳಲ್ಲ ಮಗೂ ಎಂದರು. ಹುಟ್ಟಿದ ಹನ್ನೊಂದನೆಯ ದಿನ. ಮರಣದ ರಿಜಿಸ್ಟರಿನ ಸಂಖ್ಯೆಯನ್ನೂ ಅಲ್ಲಿ ಬರೆದಿದ್ದರು. ಅವರು ಎದ್ದು ಹೋಗಿ ಇನ್ನೊಂದು ಪುಸ್ತಕ ತಂದು ಅದನ್ನೂ ತೆರೆದರು. ಅಲ್ಲಿಯೂ ಅದೇ ತಂದೆ, ಅದೇ ತಾಯಿ, ಅದೇ ವಿಠ್ಠಲವಾಡಿ. ನಾನು ಆ ಎರಡು ಸಾಲುಗಳನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಆ ಪುಸ್ತಕಗಳ ಪ್ರಕಾರ ನಾನು ಸತ್ತು ಹದಿನಾರು ವರ್ಷವಾಗಿತ್ತು. ಸ್ಟೂಲಿನ ಅಂಚನ್ನು ಹಿಡಿದ ನನ್ನ ಕೈಗಳು ಬೇರೆ ಯಾರವೋ ಎಂಬಂತೆ ಕಾಣುತ್ತಿದ್ದವು. ಲ್ಯಾಮಿನೇಶನ್ನಿನೊಳಗಿನ ಆ ಹೆಸರನ್ನು ನಾನು ಎಷ್ಟೋ ಸಲ ನೋಡಿದ್ದೆ, ಆದರೆ ಆ ಹೊತ್ತಿಗೆ ಮೊದಲ ಸಲ ಅಕ್ಷರಗಳನ್ನು ನೋಡಿದೆ. 'ಸವಿತಾ' ಎಂದು ದೇವನಾಗರಿಯಲ್ಲಿ ಬರೆದದ್ದು ಉಳಿದ ಬರಹದ ಕೈಯಲ್ಲ. ಕೋಪರಿಯ ಹೋಟೆಲಿನ ಬೋರ್ಡು ಬರೆಯುವ ಕೈ ಅದು.

ಆ ಹೆಂಗಸು ಬೇರೆ ಯಾರನ್ನೂ ಕರೆಯಲಿಲ್ಲ. ಎರಡೂ ಪುಸ್ತಕಗಳನ್ನು ಮುಚ್ಚಿ, ತಮ್ಮ ಬಾಟಲಿಯ ನೀರು ಕೊಟ್ಟು, ಮನೆಗೆ ಹೋಗಿ ಅಮ್ಮನನ್ನು ಕೇಳು ಎಂದರು. ಸರ್ಟಿಫಿಕೇಟನ್ನು ನನ್ನ ಕೈಗೇ ವಾಪಸು ಕೊಟ್ಟರು.

ಅಮ್ಮನ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಕಲ್ಯಾಣದಿಂದ ಠಾಣೆಯ ಕಡೆಯ ಲೋಕಲ್ ಹತ್ತಿದೆ. ಮಹಿಳೆಯರ ಡಬ್ಬಿಯ ಬಾಗಿಲಲ್ಲಿ ನಿಂತೆ. ಮಳೆಯ ಎರಚಲಿಗೆ ಮುಖ ತೋಯುತ್ತಿತ್ತು. ನಾನು ಯಾರ ಮಗಳು ಎಂಬ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಸತ್ತ ಮಗುವಿನ ಜಾಗಕ್ಕೆ ನನ್ನನ್ನು ಎಲ್ಲಿಂದಲೋ ತಂದಿರಬೇಕು. ಆಸ್ಪತ್ರೆಯಿಂದಲೋ, ಪ್ಲಾಟ್‌ಫಾರಮ್ಮಿನಿಂದಲೋ. ಅಮ್ಮ ಗಿಡ್ಡ, ಅಪ್ಪಯ್ಯ ಗಿಡ್ಡ, ನಾನು ಮಾತ್ರ ಎತ್ತರ. ಡೊಂಬಿವಲಿ ಬಂದು ಹೋದದ್ದು ನನಗೆ ತಿಳಿಯಲಿಲ್ಲ.

ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ. ಅಪ್ಪಯ್ಯ ನನ್ನನ್ನು ಕಂಡವರೇ ಕೌಂಟರಿನಿಂದ ಎದ್ದು, ಎದುರು ನಿಂತಿದ್ದ ಗಿರಾಕಿಗೆ ಹಿಂದಿಯಲ್ಲಿ, "ಇದೇ ನನ್ನ ಮಗಳು, ಇಂಡಿಯಾ ಟೀಮ್" ಎಂದರು. ಆ ಮನುಷ್ಯ ನನ್ನ ಕೈ ಕುಲುಕಿದ. ನಾನು ಒದ್ದೆಯಾದ ಸರ್ಟಿಫಿಕೇಟನ್ನು ಕೌಂಟರಿನ ಮೇಲಿಟ್ಟೆ.

"ಅಪ್ಪಯ್ಯ, ಇದು ಯಾರದ್ದು?"

ಅವರು ನನ್ನ ಮುಖ ನೋಡಿದರು. ಮತ್ತೇನೂ ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಸಪ್ಲಾಯರ್ ಒಬ್ಬನನ್ನು ಕೌಂಟರಿಗೆ ಕೂರಿಸಿ, ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಕ್ಕಿ, ಉದ್ದಿನಬೇಳೆಯ ಮೂಟೆಗಳ ನಡುವೆ ಇಬ್ಬರೂ ನಿಂತೆವು.

"ನಾನು ನಿಮ್ಮ ಮಗಳೇ ಹೌದಾ?"

"ಎಂತ ಮಾತ್ ಮಗಾ ಅದ್." ಅವರು ಮೂಟೆಯೊಂದಕ್ಕೆ ಕೈ ಊರಿದರು. "ನೀನ್ ನಮ್ ಮನೆಯಂಗೇ ಹುಟ್ಟಿದ್ದ್. ಅದೇ ಖೋಲಿಯಂಗೆ. ಆಸ್ಪತ್ರೆಗ್ ಹೋಪುಕೆ ರಿಕ್ಷಾ ಬಪ್ಪುದ್ರೊಳ್ಗೆ ನೀನ್ ಬಂದಾಯ್ತ್. ಚಾಳಿನ ಒಬ್ಳ್ ಅಜ್ಜಿ ಹೆರ್ಗಿ ಮಾಡ್ಸಿದ್ಳ್. ಮನೆಯಲ್ ಹುಟ್ಟಿದ್ರೂ ರಿಜಿಸ್ಟರಂಗೆ ಬರ್ಸ್ಕ್ ಅಂದ್ ನಂಗ್ ಗೊತ್ತಿರ್ಲಿಲ್ಲೆ."

ನನಗೆ ಎರಡು ವರ್ಷವಾಗುವುದಕ್ಕೆ ಸ್ವಲ್ಪ ಮೊದಲು ಎರಡನೆಯ ಮಗು. ಈ ಸಲ ಆಸ್ಪತ್ರೆಯಲ್ಲಿ. ಅಲ್ಲಿಯವರು ಹೇಳಿದ ಹಾಗೆ ಅಪ್ಪಯ್ಯ ಆರನೆಯ ದಿನವೇ ಹೋಗಿ ಜನನದ ಸರ್ಟಿಫಿಕೇಟು ತಂದರು. ಹೆಸರಿಟ್ಟ ಮೇಲೆ ಬರೆಸಿದರಾಯಿತು ಎಂದು ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಮಗುವಿಗೆ ಉಸಿರಾಟದ ತೊಂದರೆ. ಹನ್ನೊಂದನೆಯ ದಿನ ಹೋಯಿತು. ನಾಮಕರಣವೇ ಆಗಲಿಲ್ಲ. ಮೂರ್ನಾಲ್ಕು ವರ್ಷದ ಮೇಲೆ ನನ್ನನ್ನು ಶಾಲೆಗೆ ಸೇರಿಸಲು ಹೋದಾಗ ಸರ್ಟಿಫಿಕೇಟು ಕೇಳಿದರು. ಇಷ್ಟು ತಡವಾದರೆ ಕೋರ್ಟಿನಿಂದಲೇ ಆರ್ಡರ್ ತರಬೇಕು ಎಂದು ಯಾರೋ ಹೇಳಿದರಂತೆ. ಕೋರ್ಟು ಎಂದರೆ ಅಪ್ಪಯ್ಯನಿಗೆ ಪೊಲೀಸು, ಜೈಲು ಎಲ್ಲ ಒಂದೇ. ಹೋಗುತ್ತೇನೆ ಹೋಗುತ್ತೇನೆ ಎಂದು ಒಂದು ವರ್ಷ ಕಳೆದರು, ಎರಡು ವರ್ಷ ಕಳೆದರು. ನಾನು ಮನೆಯಲ್ಲೇ ಉಳಿದಿದ್ದೆ. ಕೊನೆಗೊಂದು ದಿನ ಇದೇ ಕೋಣೆಯಲ್ಲಿ, ಇದೇ ಮೂಟೆಗಳ ಮೇಲೆ ಕೂತು, ಟ್ರಂಕಿನಲ್ಲಿದ್ದ ಆ ಕಾಗದದ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದರು.

"ನಿಂಗೆ ಶಾಲಿ ತಪ್ಪುಕಾಗ ಅಂದ್ ಮಾಡ್ದೆ ಮಗಾ. ಬೇರೆ ಎಂತಕ್ಕೂ ಅಲ್ಲ."

ಅವರು ಅಳುವುದನ್ನು ನಾನು ಆವರೆಗೆ ನೋಡಿರಲಿಲ್ಲ. ಅಡುಗೆಮನೆಯಿಂದ ಯಾರೋ "ಅಣ್ಣಾ" ಎಂದು ಕರೆದರು. ಬಂದೆ ಎಂದು ಕೂಗಿ, ಮುಖ ಒರೆಸಿಕೊಂಡು, ಅಲ್ಲೇ ನಿಂತರು.

ನಮ್ಮ ಮನೆಯಲ್ಲಿ ನನಗೆ ಎರಡು ಹುಟ್ಟುಹಬ್ಬ. ಅಕ್ಟೋಬರಿನಲ್ಲಿ ಶಾಲೆಗೆ ಚಾಕಲೇಟು ಒಯ್ಯುವುದು, ಡಿಸೆಂಬರಿನಲ್ಲಿ ಅಮ್ಮ ಪಾಯಸ ಮಾಡುವುದು. ನಕ್ಷತ್ರದ ಲೆಕ್ಕವೇ ಬೇರೆ ಎಂದು ಅಪ್ಪಯ್ಯ ಹೇಳಿದ್ದನ್ನು ನಾನು ನಂಬಿದ್ದೆ. ಅಕ್ಟೋಬರಿನ ಆ ದಿನ ಅಮ್ಮನಿಗೆ ಪ್ರತಿ ವರ್ಷ ತಲೆನೋವು ಬರುತ್ತಿತ್ತು. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ನಾನು ಹೊಸ ಅಂಗಿ ಹಾಕಿಕೊಂಡು ಅವಳ ಮುಂದೆ ನಿಂತು, "ಅಮ್ಮಾ, ಇವತ್ತು ನನ್ನ ಬರ್ತ್‌ಡೇ" ಎಂದು ಅಲುಗಾಡಿಸಿ ಎಬ್ಬಿಸುತ್ತಿದ್ದೆ. ವಾಪಸು ಹೋಗುವ ಲೋಕಲ್ಲಿನಲ್ಲಿ ಅದೆಲ್ಲ ನೆನಪಾಯಿತು.

ಆ ಸಂಜೆ ಅಪ್ಪಯ್ಯ ರಜೆ ಹೇಳಿ ನನ್ನ ಜೊತೆಗೇ ಬಂದಿದ್ದರು. ನಾವಿಬ್ಬರೂ ಒಟ್ಟಿಗೆ ಬಾಗಿಲಲ್ಲಿ ನಿಂತದ್ದನ್ನು ಕಂಡು ಅಮ್ಮ ಕತ್ತರಿ ಕೆಳಗಿಟ್ಟಳು. ಟ್ರಂಕಿನ ತಳದಿಂದ ಹಳೆಯ ಗೋಡೆ ಕ್ಯಾಲೆಂಡರಿನ ಒಂದು ಹಾಳೆ ತೆಗೆದು ನನ್ನ ಮುಂದೆ ಹರಡಿದಳು. ಡಿಸೆಂಬರ್ ತಿಂಗಳು. ಹದಿಮೂರನೆಯ ತಾರೀಕಿನ ಸುತ್ತ ಕುಂಕುಮದ ಗುರುತು, ಪಕ್ಕದಲ್ಲಿ ಅಪ್ಪಯ್ಯನ ಮುತ್ತಿನ ಅಕ್ಷರದಲ್ಲಿ 'ಹೆಣ್ಣು ಮಗು, ಬೆಳಿಗ್ಗೆ'. ಮಡಿಕೆಗಳಲ್ಲಿ ಹಾಳೆ ಹರಿದಿತ್ತು.

ನಾನು ಇಸವಿ ನೋಡಿದೆ. ಬೆರಳು ಮಡಿಸಿ ಎಣಿಸಿದೆ. ಟೂರ್ನಿಗೆ ನಿಗದಿಯಾಗಿದ್ದ ಜನವರಿ ಒಂದಕ್ಕೆ ಹತ್ತೊಂಬತ್ತು ದಿನ ಮೊದಲು ನಾನು ಹುಟ್ಟಿದ್ದೆ.

ಅಪ್ಪಯ್ಯನೂ ಎಣಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಈ ಹಾಳಿ ವಿಷಯ ಯಾರಿಗೆ ಗೊತ್ತಿತ್ತ್?" ಎಂದರು. "ಸರ್ಟಿಫಿಕೇಟಂತೂ ಅಸಲಿ. ಸರ್ಕಾರದ್ ಸೀಲ್ ಇತ್ತ್. ನಿಮ್ ಸರ್ ರಿಜಿಸ್ಟರ್ ಕಾಂಬುಕೆ ಬತ್ರಾ? ಇದನ್ನೇ ಕೊಡ್. ಹೋಯ್ ಬಾ ಮಗಾ. ಇಷ್ಟ್ ವರ್ಷ ಕಷ್ಟ ಪಟ್ಟಿದ್ದಿ."

ಅವರು ಹೇಳಿದ್ದು ತಪ್ಪು ಎಂದು ನನಗೆ ಆ ಹೊತ್ತಿಗೆ ಅನ್ನಿಸಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ನನಗೆ ಹೋಗಬೇಕಿತ್ತು. ಎದೆಯ ಮೇಲೆ ದೇಶದ ಹೆಸರಿರುವ ಜರ್ಸಿಯ ಅಳತೆ ಕೊಟ್ಟಾಗಿತ್ತು. ಹತ್ತೊಂಬತ್ತು ದಿನ ಯಾವ ಲೆಕ್ಕ? ಆ ಕಾಗದವನ್ನು ಕೈಗೆ ತೆಗೆದುಕೊಂಡೆ.

ಆಗ ಅಮ್ಮ ಮಾತಾಡಿದಳು. ನನ್ನನ್ನೂ ನೋಡಲಿಲ್ಲ, ಅಪ್ಪಯ್ಯನನ್ನೂ ನೋಡಲಿಲ್ಲ.

"ಬ್ಯಾಡ. ಅದ್ರ್ ದಿನ ಅದ್ಕೇ ಬಿಡಿ."

ಅಷ್ಟೇ. ಮತ್ತೆ ಕತ್ತರಿ ತೆಗೆದುಕೊಂಡು ಪ್ಯಾಂಟಿನ ದಾರ ಕತ್ತರಿಸತೊಡಗಿದಳು. ಕತ್ತರಿ ಬಟ್ಟೆಗೇ ತಾಗುತ್ತಿತ್ತು. ನಾನು ಕಾಗದವನ್ನು ಕೆಳಗಿಟ್ಟೆ.

ಮರುದಿನ ನವಿ ಮುಂಬಯಿಗೆ ಹೋದಾಗ ಸಾಳವಿ ಸರ್ ಕ್ರೀಡಾಂಗಣದ ಹೊರಗೇ ಕಾಯುತ್ತಿದ್ದರು.

"ತಂದೆಯಾ ನಕಲು?"

"ಇಲ್ಲ ಸರ್. ನನ್ನ ವಯಸ್ಸು ಜಾಸ್ತಿ ಆಗಿದೆ. ಎಕ್ಸ್‌ರೇ ಸರಿ ಇದೆ."

"ಎಷ್ಟು ಜಾಸ್ತಿ?"

"ಹತ್ತೊಂಬತ್ತು ದಿನ."

ಸರ್ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಎಲ್ಲವನ್ನೂ ಹೇಳಿದೆ. ಕೊನೆಗೆ ಅವರು, "ನಿನ್ನ ತಂಗಿಯ ಹೆಸರೇನು?" ಎಂದು ಕೇಳಿದರು. ತಂಗಿ ಎಂಬ ಮಾತು ಅಲ್ಲಿಯವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಹೆಸರಿಟ್ಟಿರಲಿಲ್ಲ ಸರ್ ಎಂದೆ. ಅವರು ತಲೆಯಾಡಿಸಿದರು, ಎದ್ದು ನನ್ನ ಬೆನ್ನ ಮೇಲೊಮ್ಮೆ ಕೈಯಿಟ್ಟು, ಒಳಗೆ ಹೋಗಿ ಪಟ್ಟಿಯಿಂದ ನನ್ನ ಹೆಸರು ತೆಗೆಸಿದರು. ವೈಶಾಲಿ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಅಂಗೈಯ ರಾಳ ನನ್ನ ಶರ್ಟಿಗೆ ಹತ್ತಿತು. "ನಾನು ಹೋಗೋದಿಲ್ಲ" ಎಂದು ಅವಳು ಹಟ ಮಾಡಿದಳು. ಹೋಗು, ಚೆಂಡು ಬಂದಾಗ ಕಣ್ಣು ಮುಚ್ಚಬೇಡ ಎಂದೆ.

ಆಗಸ್ಟಿನಲ್ಲಿ ತಂಡ ಹೋಯಿತು. ಟಿವಿಯಲ್ಲಿ ಬರಲಿಲ್ಲ, ಪತ್ರಿಕೆಗಳಲ್ಲಿ ಬರಲಿಲ್ಲ. ಸಾಳವಿ ಸರ್ ಉಲ್ಹಾಸನಗರದ ಒಂದು ಸೈಬರ್ ಕೆಫೆಗೆ ನನ್ನನ್ನು ಕರೆದುಕೊಂಡು ಹೋಗಿ ಫಲಿತಾಂಶ ಹುಡುಕಿಸಿದರು. ಮೊದಲ ಪಂದ್ಯದ ಅಂಕಗಳು ತೆರೆಯ ಮೇಲೆ ಬಂದವು. ಎದುರಾಳಿಗಳ ಗೋಲು ನಲವತ್ತರ ಆಚೆ. ನಮ್ಮದು ಒಂದಂಕಿ ದಾಟಿರಲಿಲ್ಲ. ಕಂಪ್ಯೂಟರಿನ ತಪ್ಪೇನೋ ಎಂದು ಸರ್ ಕೆಫೆಯವನಿಂದ ಮತ್ತೆ ತೆರೆಸಿದರು. ಅದೇ ಅಂಕಿ. ಎರಡನೆಯ ಪಂದ್ಯವೂ ಹಾಗೇ, ಮೂರನೆಯದೂ ಹಾಗೇ. ಗ್ರೂಪಿನ ಕೊನೆಯ ಪಂದ್ಯದಲ್ಲಿ ನಮ್ಮ ಕಡೆ ಎರಡಂಕಿ ಬಂತು, ಅಷ್ಟೇ. ತಂಡ ಒಂದೂ ಪಂದ್ಯ ಗೆಲ್ಲದೆ ಪಟ್ಟಿಯ ತಳದಲ್ಲಿ ನಿಂತಿತು. ನಮ್ಮ ಜಿಲ್ಲೆಗೇ ನಾವು ಹುಲಿಗಳು ಎಂದು ಎರಡು ವರ್ಷ ಮೆರೆದಿದ್ದೆವು. ಹೊರಗೆ ಬಂದ ಮೇಲೆ ಸರ್ ಚಹಾ ಹೇಳಿ ಕುಡಿಯದೇ ಬಿಟ್ಟರು. "ನಾನು ಇವರಿಗೆ ಏನು ಕಲಿಸಿದೆ?" ಎಂದು ಕೇಳಿದರು, ನನ್ನನ್ನಲ್ಲ, ರಸ್ತೆಯನ್ನು.

ವೈಶಾಲಿ ಬಂದ ಮೇಲೆ ಡೊಂಬಿವಲಿಯ ಅವಳ ಮನೆಗೆ ಹೋದೆ. ಮನೆಯೊಳಗೂ ಅವಳು ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದಳು. ಬಾಗಿಲು ಹಾಕಿ ತೋಳು ಮಡಿಸಿ ತೋರಿಸಿದಳು. ಮೊಣಕೈಯಿಂದ ಭುಜದವರೆಗೆ ನೀಲಿ, ಹಸಿರು, ಹಳದಿ.

"ಅವರು ಎಸೆಯೋದು ಕಾಣ್ಸೋದೇ ಇಲ್ಲ ಸವಿತಾ," ಎಂದಳು. "ಬಲೆ ಅಲ್ಲಾಡಿದ ಮೇಲೆ ಚೆಂಡು ಬಂತು ಅಂತ ಗೊತ್ತಾಗೋದು. ಅವರಲ್ಲಿ ಎಂಟು ವರ್ಷದಿಂದ ಒಳಾಂಗಣದಲ್ಲೇ ಆಡಿದವರಿದ್ದಾರೆ. ನಾವು ಮೂರು ವಾರ ಆಡಿ ಹೋದ್ವಿ. ಅರ್ಧ ಪಂದ್ಯ ಆದ್ಮೇಲೆ ಅವರ ಹುಡುಗಿಯರು ನಮ್ಮನ್ನ ನೋಡೋ ರೀತಿ ಇತ್ತಲ್ಲ, ಪಾಪ ಅನ್ನೋ ಹಾಗೆ. ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ."

"ಕಣ್ಣು ಮುಚ್ಚಿದ್ಯಾ?"

"ಮೊದಲ ಪಂದ್ಯದಲ್ಲಿ ಮುಚ್ಚಿದೆ. ಆಮೇಲೆ ಇಲ್ಲ." ಅವಳು ಅಂಗಿಯ ತೋಳು ಇಳಿಸಿಕೊಂಡು, "ಕೊನೇ ಪಂದ್ಯದಲ್ಲಿ ಏಳು ಮೀಟರಿನ ಎಸೆತ ಎರಡು ತಡೆದೆ. ಒಂದು ಇಲ್ಲಿಗೆ ಬಡೀತು" ಎಂದು ಕೆನ್ನೆ ಮುಟ್ಟಿಕೊಂಡಳು. ಆಮೇಲೆ ಅತ್ತಳು. ನಾನು ಇದ್ದಿದ್ದರೆ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ಟೂರ್ನಿಯ ದಾಖಲೆಯಲ್ಲಿ ಅವಳು ತಡೆದ ಎರಡು ಚೆಂಡುಗಳು ಎಲ್ಲಿಯೂ ಇಲ್ಲ. ಸೋತ ಪಂದ್ಯಗಳು ಮಾತ್ರ ಇವೆ.

ಪಟ್ಟಿಯಿಂದ ನನ್ನ ಹೆಸರು ಹೋದ ಮೇಲೆ ಅಪ್ಪಯ್ಯ ಕೆಲವು ವಾರ ಹೋಟೆಲಿನ ಬೋರ್ಡನ್ನು ಬೇರೆಯವರಿಂದ ಬರೆಸಿದರು. ಗಿರಾಕಿಗಳು ಕೇಳಿದರೆ ಮಗಳಿಗೆ ಪೆಟ್ಟಾಗಿದೆ ಎನ್ನುತ್ತಿದ್ದರಂತೆ. ಆಮೇಲೊಂದು ದಿನ ದಿನಾ ಊಟಕ್ಕೆ ಬರುತ್ತಿದ್ದ ವಕೀಲರೊಬ್ಬರಿಗೆ ತಾವಾಗಿಯೇ ಎಲ್ಲವನ್ನೂ ಹೇಳಿಕೊಂಡರು. ನನ್ನ ಜನನವನ್ನು ನೋಂದಾಯಿಸಲು ಕಲ್ಯಾಣದ ಕೋರ್ಟಿಗೆ ಅರ್ಜಿ ಹಾಕಿದ್ದು ಆ ವಕೀಲರೇ. ಹನ್ನೆರಡನೆಯ ಕ್ಲಾಸಿನ ಪರೀಕ್ಷೆಯ ಮೊದಲಿನ ಚಳಿಗಾಲದಲ್ಲಿ ಕೋರ್ಟಿನಿಂದ ನಮಗೆ ಕರೆ ಬಂತು. ಅಪ್ಪಯ್ಯ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದರು, ಕಟಕಟೆಯಲ್ಲಿ ನಿಂತು ತಪ್ಪಾಯಿತು ಎಂದರು. ಮ್ಯಾಜಿಸ್ಟ್ರೇಟ್ ಒಬ್ಬ ಹೆಂಗಸು. ಅವರು ಕ್ಯಾಲೆಂಡರಿನ ಹಾಳೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅಮ್ಮನನ್ನು ಕರೆದರು.

ಅಮ್ಮನಿಗೆ ಮರಾಠಿ ಅರ್ಥವಾಗುತ್ತಿತ್ತು, ಆಡಲು ಅಷ್ಟಾಗಿ ಬರುತ್ತಿರಲಿಲ್ಲ. ಅರ್ಜಿದಾರರಾದ ಅಪ್ಪಯ್ಯನನ್ನು ಬಿಟ್ಟರೆ ಕನ್ನಡ ತಿಳಿದವರು ಅಲ್ಲಿ ಬೇರೆ ಯಾರೂ ಇಲ್ಲದ್ದರಿಂದ, ಅವಳು ಹೇಳಿದ್ದನ್ನು ನೀನೇ ಮರಾಠಿಯಲ್ಲಿ ಹೇಳು ಎಂದು ಮ್ಯಾಜಿಸ್ಟ್ರೇಟರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದರು.

"ನಿಮಗೆ ಮಕ್ಕಳೆಷ್ಟು?"

ಚಾಳಿನಲ್ಲಿ, ರೇಶನ್ ಅಂಗಡಿಯಲ್ಲಿ, ಊರಿನ ಮದುವೆಗಳಲ್ಲಿ ಯಾರು ಕೇಳಿದರೂ ಅಮ್ಮ ಒಂದು ಎನ್ನುತ್ತಿದ್ದಳು. ನಾನು ಅವಳ ಕೈ ಹಿಡಿದಿದ್ದೆ. ಅವಳು ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡಳು.

"ದೋನ್," ಎಂದಳು, ಮರಾಠಿಯಲ್ಲೇ.

"ಇಬ್ಬರೂ ಇದ್ದಾರಾ?"

"ಒಂದ್ ಇಲ್ಲೇ ನಿಂತಿತ್ತ್. ಇನ್ನೊಂದ್ ಹನ್ನೊಂದ್ ದಿನ ಇದ್ದಿತ್ತ್. ಹಾಲ್ ಕುಡೀತಿತ್ತ್."

ಟೈಪಿಸ್ಟ್ ಬೆರಳು ಎತ್ತಿಕೊಂಡು ನನ್ನ ಕಡೆ ನೋಡಿದ. ಕೋರ್ಟಿನಲ್ಲಿದ್ದವರೆಲ್ಲ ನಾನು ಹೇಳುವುದನ್ನು ಕಾಯುತ್ತಿದ್ದರು. ಆ ಮೂರು ಮಾತುಗಳನ್ನು ನಾನು ಒಂದೊಂದಾಗಿ ಮರಾಠಿಯಲ್ಲಿ ಹೇಳಿದೆ, ಕೊನೆಯದನ್ನೂ ಬಿಡಲಿಲ್ಲ. ಅವನು ಟೈಪ್ ಮಾಡಿದ. ಯಂತ್ರದ ಸದ್ದು ನಿಲ್ಲುವವರೆಗೆ ಅಮ್ಮ ನೆಟ್ಟಗೆ ನಿಂತಿದ್ದಳು. ಆಮೇಲೆ ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದಳು.